ಪಿಸಿಒಎಸ್: ಸ್ಕ್ಯಾನಿಂಗ್ ರಿಪೋರ್ಟನ್ನು ನಾನು ಕೊನೆಗೆ ನೋಡುತ್ತೇನೆ

ಹುಬ್ಬಳ್ಳಿಯ ನನ್ನ ಕ್ಲಿನಿಕ್‌ಗೆ ಕುಂದಗೋಳ, ನವಲಗುಂದ, ಗದಗ ಕಡೆಯಿಂದ ಬರುವ ಹುಡುಗಿಯರ ಕೈಯಲ್ಲಿ ಮೊದಲೇ ಅಂಡಾಶಯದ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ, ಅದರಲ್ಲಿ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನ್ ಏರುಪೇರಿನ ತೊಂದರೆ) ಎಂದು ಬರೆದಿರುತ್ತದೆ. "ಡಾಕ್ಟರ್ರ, ಗಂಟು ಅದಾವಂತ. ಆಪರೇಷನ್ ಮಾಡಬೇಕೇನ್ರಿ?" ಎಂದು ತಾಯಿ ಕೇಳುತ್ತಾರೆ. ಅವು ಗಂಟಲ್ಲ. ಅರ್ಧಕ್ಕೇ ಬೆಳವಣಿಗೆ ನಿಂತ ಪುಟ್ಟ ಫಾಲಿಕಲ್‌ಗಳು, ಅಂದರೆ ಅಂಡ ಬೆಳೆಯುವ ಚೀಲಗಳು. ಕೊಯ್ದು ತೆಗೆಯುವಂಥದ್ದೇನಿಲ್ಲ.

ಮೊದಲು ಮುಟ್ಟಿನ ಲೆಕ್ಕ ಕೇಳುತ್ತೇನೆ. "ಸರಿಯಾಗಿ ಆಗೂದಿಲ್ರಿ" ಅಂದರೆ ಸಾಲದು, ತಾರೀಖು ಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್‌ನಲ್ಲೇ ಎಷ್ಟೋ ಸಲ ಅದು ಸಿಗುತ್ತದೆ. ಮುಟ್ಟು 35 ದಿನ ದಾಟಿ ಬರುತ್ತಿದ್ದರೆ, ಇಲ್ಲವೇ ವರ್ಷಕ್ಕೆ 8ಕ್ಕಿಂತ ಕಡಿಮೆ ಸಲ ಆದರೆ, ಅಂಡ ಬಿಡುಗಡೆ ಸರಿಯಾಗಿಲ್ಲ ಎಂದುಕೊಳ್ಳುತ್ತೇನೆ. ಮೈನೆರೆದ ಹೊಸತರಲ್ಲಿ ಈ ಲೆಕ್ಕ ಹಿಡಿಯಬಾರದು.

ಆಮೇಲೆ ಗದ್ದ, ಎದೆ, ಹೊಟ್ಟೆಯ ಒರಟು ಕೂದಲು. ಥ್ರೆಡಿಂಗ್ ಮಾಡಿಸಿಕೊಂಡು ಬಂದವರಲ್ಲಿ ಏನೂ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಲೇಬೇಕು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರೆ ಹುಡುಗಿ ಹೇಳುತ್ತಾಳೆ. ಕತ್ತಿನ ಹಿಂದಿನ ಕಪ್ಪನ್ನೂ ನೋಡುತ್ತೇನೆ. ಪಾಪ, ಕೊಳೆ ಎಂದು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿರುತ್ತದೆ! ಅದು ಬಹಳ ಸಲ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದ ಗುರುತು. ಇನ್ಸುಲಿನ್‌ಗೆ ದೇಹ ಸರಿಯಾಗಿ ಬಗ್ಗದಿದ್ದಾಗ ಅದು ಇನ್ನಷ್ಟು ತಯಾರಾಗುತ್ತದೆ. ಹೆಚ್ಚಾದ ಇನ್ಸುಲಿನ್, ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನಿನ ಜೊತೆ ಸೇರಿ, ಅಂಡಾಶಯದಿಂದ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನ್ ಜಾಸ್ತಿ ಮಾಡಿಸುತ್ತದೆ. ಟೆಸ್ಟೊಸ್ಟೆರಾನ್ ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಇದೇ ಇನ್ಸುಲಿನ್‌ನಿಂದಾಗಿ ಲಿವರ್ ಕಡಿಮೆ ತಯಾರಿಸುತ್ತದೆ. ಮೊಡವೆ, ಕೂದಲು ಎಲ್ಲ ಅಲ್ಲಿಂದ. ತೆಳ್ಳಗಿರುವವರಿಗೂ ಇದು ಬರುತ್ತದೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್‌ನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಮತ್ತು 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ಬರೆಯುತ್ತೇನೆ, ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಯಾಗಲಿ ಎಂದು. ಕೂದಲಿನ ಬಗ್ಗೆ ಅನುಮಾನವಿದ್ದರೆ ಟೆಸ್ಟೊಸ್ಟೆರಾನ್. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಬಿಡುವುದಿಲ್ಲ. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಪಿಟ್ಯುಟರಿ ಹಾರ್ಮೋನುಗಳ ಅನುಪಾತ ಮಾತ್ರ ಬರೆಯುವುದಿಲ್ಲ, ಸುಮ್ನೆ ದುಡ್ಡು ದಂಡ.

ಪಿಸಿಒಎಸ್ ಗುರುತಿಸುವ 2003ರ ರಾಟರ್‌ಡ್ಯಾಮ್ ಮಾನದಂಡದಲ್ಲಿ ಮೂರು ಲಕ್ಷಣಗಳಿವೆ: ಅಂಡ ಬಿಡುಗಡೆಯ ಏರುಪೇರು, ಗಂಡು ಹಾರ್ಮೋನ್ ಹೆಚ್ಚಳ, ಸ್ಕ್ಯಾನಿಂಗ್ ಚಿತ್ರ. ಎರಡಿದ್ದರೆ ಸಾಕು. ಮೊದಲೆರಡು ಸಿಕ್ಕರೆ ಸ್ಕ್ಯಾನಿಂಗ್ ಬೇಕೇ ಇಲ್ಲ, ಅಲ್ವಾ? ಮೈನೆರೆದು 8 ವರ್ಷ ಆಗದವರಲ್ಲಂತೂ ಅದನ್ನು ನೋಡಿ ಪಿಸಿಒಎಸ್ ಎನ್ನಬಾರದು.

ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಬಸಿರಿಲ್ಲವೆಂದು ನೋಡಿಕೊಂಡು, ಪ್ರೊಜೆಸ್ಟೆರಾನ್ ಮಾತ್ರೆ ಕೊಡುತ್ತೇನೆ. ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗಲು ಬಿಡಬಾರದು.