ಒಳಗಿನಿಂದ ಒಣಗುತ್ತಿದ್ದ ಸ್ಪ್ರೂಸ್ ಬೋನ್ಸಾಯ್: ಸರಿಹೋಗಿದ್ದು ಹೀಗೆ

ನಾನಿರುವುದು ಟೊರಾಂಟೊ ಹತ್ತಿರ, ಇಲ್ಲಿನ ಚಳಿ ಸ್ಪ್ರೂಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ಸ್ಪ್ರೂಸ್ ಅಂದರೆ ಸೂಜಿಯಂಥ ಎಲೆಗಳಿರುವ, ಚಳಿನಾಡಿನ ಮರ. ನನ್ನದು ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್, 1904ರಲ್ಲಿ ಕೆನಡಾದ ಲೇಕ್ ಲೂಯಿಸ್ ಬಳಿ ಸಿಕ್ಕ ಕುಳ್ಳ ತಳಿ. ಮೇ ತಿಂಗಳಲ್ಲಿ ಅದರ ಒಳಗಿನ ಸೂಜಿಗಳು ಮಂಕಾಗಿ, ಕಂದುಬಣ್ಣಕ್ಕೆ ತಿರುಗಿ ಉದುರತೊಡಗಿದವು. ನೀರು ಸರಿಯಾಗಿತ್ತು, ಬೇರೂ ಗಟ್ಟಿ.

ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದೆ. ಧೂಳಿನಂಥ ಚುಕ್ಕೆಗಳು ಬಿದ್ದವು, ಸ್ವಲ್ಪ ಹೊತ್ತಿಗೆ ಆ ಚುಕ್ಕೆಗಳೇ ನಡೆಯೋಕೆ ಶುರು ಮಾಡಿದವು! ಬೆರಳಲ್ಲಿ ಉಜ್ಜಿದರೆ ಹಸಿರು ಗೀರು. ಸ್ಪ್ರೂಸ್ ನುಸಿ, ಅಂದರೆ ಮೈಟ್. ಇದು ತಂಪು ಕಾಲದ ಜೀವಿ, ವಸಂತ ಮತ್ತು ಶರತ್ಕಾಲದಲ್ಲೇ ಇದರ ಹಾವಳಿ ಜಾಸ್ತಿ. ಬೇಸಿಗೆಯಲ್ಲಿ ಸೂಜಿ ಕಂದಾದಾಗ ಔಷಧಿ ಹುಡುಕುವವರೇ ಹೆಚ್ಚು, ಅಷ್ಟೊತ್ತಿಗೆ ನುಸಿ ತಿಂದು ಮುಗಿಸಿರುತ್ತೆ.

ಕೀಟನಾಶಕ ಮುಟ್ಟಲಿಲ್ಲ, ಯಾಕೆಂದರೆ ಅನೇಕ ಕೀಟನಾಶಕಗಳು ನುಸಿಯನ್ನು ಬಿಟ್ಟು ಅದನ್ನು ತಿನ್ನುವ ಹುಳುಗಳನ್ನೇ ಕೊಲ್ಲುತ್ತವೆ. ಪೈಪಿನಿಂದ ಜೋರಾಗಿ, ಕೊಂಬೆಗಳ ಒಳಮೈಗೂ ತಾಗುವ ಹಾಗೆ ನೀರು ಹೊಡೆದೆ, ಮಣ್ಣು ಕೊಚ್ಚಿ ಹೋಗದಂತೆ ಕುಂಡದ ಬಾಯಿಗೆ ಬಟ್ಟೆ ಸುತ್ತಿದ್ದೆ. ಮೊಟ್ಟೆ ಒಡೆದು ಹೊಸ ಮರಿ ಬರುತ್ತಲೇ ಇರುವುದರಿಂದ ಕೆಲವು ವಾರ ಬಿಡದೆ ಇದನ್ನೇ ಮಾಡಿದೆ. ಆಮೇಲೆ ದಟ್ಟ ಕೊಂಬೆಗಳನ್ನು ತೆಳುಮಾಡಿದೆ, ಗಾಳಿ ಬೆಳಕು ಆಡಬೇಕಲ್ವಾ. ಕತ್ತರಿಸುವಾಗ ಪ್ರತಿ ರೆಂಬೆಯಲ್ಲೂ ಹಸಿರು ಸೂಜಿ, ಮೊಗ್ಗು ಉಳಿಸಿ, ಪೂರ್ತಿ ಬೋಳಾದ ಹಳೇ ರೆಂಬೆ ಮತ್ತೆ ಚಿಗುರೋದು ತೀರಾ ಅಪರೂಪ.

ಈಗ ತಟ್ಟಿದರೆ ಹಾಳೆ ಖಾಲಿ. ಬೋಳಾದ ಎಡಬದಿ ಮಾತ್ರ ತುಂಬಿಲ್ಲ, ಪಕ್ಕದ ಕೊಂಬೆಗೆ ತಂತಿ ಸುತ್ತಿ ಅತ್ತ ಬಗ್ಗಿಸಿದ್ದೇನೆ.