ಗಾಳಿಯ ನಂಬರ್ ನೋಡೋದು ಹೇಗೆ? ದಮ್ಮು ಇರುವವರ ಮನೆಗೆ ಒಂದು ಸಲಹೆ

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಅವ್ವನಿಗೆ ದಮ್ಮು ಇದೆ. ತೊಗರಿ ರಾಶಿ ಶುರುವಾದರೆ ಸಾಕು, ರಾತ್ರಿಯಿಡೀ ಎದೆ ಸುಂಯ್ ಸುಂಯ್ ಅನ್ನುತ್ತದೆ. ಅದಕ್ಕೇ ನಾನು ದಿನಾ ಬೆಳಿಗ್ಗೆ ಮೊಬೈಲ್‌ನಲ್ಲಿ 'ಸಮೀರ್' ಆ್ಯಪ್ ತೆಗೆದು ಕಲಬುರಗಿಯ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ನಂಬರ್, ನೋಡುತ್ತೇನೆ. ಅದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆ್ಯಪ್.

50ರ ಒಳಗಿದ್ದರೆ ಗಾಳಿ ಚೆನ್ನಾಗಿದೆ. 100ರವರೆಗೂ ಪರವಾಗಿಲ್ಲ. 100 ದಾಟಿದರೆ ದಮ್ಮು, ಹೃದಯದ ತೊಂದರೆ ಇರುವವರು, ವಯಸ್ಸಾದವರು, ಮಕ್ಕಳು ಹುಷಾರಾಗಿರಬೇಕು. 200 ದಾಟಿದರೆ ಗಟ್ಟಿಮುಟ್ಟಾದವರಿಗೂ ಹೊರಗೆ ಜಾಸ್ತಿ ಹೊತ್ತು ಇದ್ದರೆ ತ್ರಾಸು.

ಪಿಎಂ 2.5 ಅಂತ ಕಾಣುತ್ತದಲ್ವಾ, ಅದನ್ನು ಮುಖ್ಯವಾಗಿ ನೋಡಿ. ನಮ್ಮ ಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣ ಅದು. ಮೂಗು ತಡೆಯುವುದಿಲ್ಲ, ನೇರ ಪುಪ್ಪುಸದ ಆಳಕ್ಕೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಗಾಡಿ ಸೀಟಿನ ಮೇಲೆ ಬೆರಳಾಡಿಸಿದರೆ ಕಾಣುವ ಕೆಂಪು ಧೂಳು ಇದಕ್ಕಿಂತ ಬಹಳ ದಪ್ಪ. ಹೊಗೆಯಲ್ಲಿರುವ ಈ ಕಾಣದ ಕಣವೇ ಹೆಚ್ಚು ಕೆಟ್ಟದ್ದು. ಕಸಕ್ಕೆ, ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚಬೇಡಿ, ದಯವಿಟ್ಟು.

ಇನ್ನೊಂದು ಮಾತು. ಆ ನಂಬರ್ 24 ಗಂಟೆಯ ಸರಾಸರಿ. ಈಗಷ್ಟೇ ಪಕ್ಕದಲ್ಲಿ ಹೊಗೆ ಎದ್ದರೆ ಅದರಲ್ಲಿ ಗೊತ್ತಾಗುವುದಿಲ್ಲ. ಆಗ ಸುಮ್ನೆ ಕಿಟಕಿ ಮುಚ್ಚಿ. ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂರಬೇಕು. ಮನೆಯಲ್ಲಿ ಒಣ ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಡಾಕ್ಟರ್ ಕೊಟ್ಟ ಇನ್‌ಹೇಲರ್ ಕೈಗೆ ಸಿಗುವಲ್ಲಿ ಇಡಿ. ನಮ್ಮ ಅವ್ವ ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾಳೆ.