ಎದೆಯೊಳಗೆ ರಕ್ತನಾಳದ ಗಡ್ಡೆ: ಪತ್ತೆ ಹೇಗೆ, ಹೆಸರು ಖಚಿತವಾಗುವುದು ಹೇಗೆ?

ರಾಯಚೂರು ಕಡೆ ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡಿತೆಂದರೆ ಮನೆಯವರ ಬಾಯಿಗೆ ಮೊದಲು ಬರುವುದು ಟಿಬಿ, ಆಮೇಲೆ ಕ್ಯಾನ್ಸರ್. ಎರಡನ್ನೂ ಪರೀಕ್ಷಿಸಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಟಿಬಿಯ ಕಫ ಪರೀಕ್ಷೆ ಉಚಿತ. ಆದರೆ ಅಪರೂಪಕ್ಕೊಮ್ಮೆ ಆ ನೆರಳು ರಕ್ತನಾಳಗಳೇ ಹೆಣೆದುಕೊಂಡ, ಕ್ಯಾನ್ಸರ್ ಅಲ್ಲದ ಗಡ್ಡೆಯೂ (ಹೆಮಾಂಜಿಯೋಮಾ) ಆಗಿರಬಹುದು. ಎರಡು ಶ್ವಾಸಕೋಶಗಳ ನಡುವಿನ ಗಡ್ಡೆಗಳಲ್ಲಿ ಇದರ ಪಾಲು ಶೇ 0.5ಕ್ಕಿಂತ ಕಡಿಮೆ. ಎಷ್ಟೋ ಜನರಿಗೆ ನೋವು, ಕೆಮ್ಮು ಯಾವುದೂ ಇರುವುದಿಲ್ಲ.

ಮೊದಲು ಹಳೆಯ ಎಕ್ಸ್‌ರೇಗಳನ್ನು ಹುಡುಕಿ ರಾಯಚೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಜೊತೆಗೇ ಒಯ್ಯಿರಿ. ಐದಾರು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ನೆರಳು ಅಷ್ಟೇ ಗಾತ್ರದಲ್ಲಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ನಂತರ ಕಾಂಟ್ರಾಸ್ಟ್, ಅಂದರೆ ರಕ್ತನಾಳಗಳು ಎದ್ದು ಕಾಣಲು ಚುಚ್ಚುವ ಔಷಧಿ, ಕೊಟ್ಟು ಮಾಡುವ ಸಿಟಿ ಸ್ಕ್ಯಾನ್. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮುಂಚೆಯೇ ಹೇಳಿ. ಔಷಧಿ ಹೋದ ಕೂಡಲೇ ತೆಗೆದ ಚಿತ್ರ ಒಂದೇ ಸಾಲದು. ಇಂಥ ಗಡ್ಡೆಯಲ್ಲಿ ರಕ್ತ ನಿಧಾನವಾಗಿ ಹರಿಯುವುದರಿಂದ ಮೊದಲು ಅಲ್ಲಲ್ಲಿ ಬಿಳುಪು ಕಾಣಿಸಿಕೊಂಡು, ಕೆಲವು ನಿಮಿಷಗಳಲ್ಲಿ ಹೆಚ್ಚುತ್ತ ಹೋಗುತ್ತದೆ. ಒಳಗೆ ದುಂಡನೆಯ ಸುಣ್ಣದ ಹರಳು, ಅಂದರೆ ಫ್ಲೆಬೋಲಿತ್, ಕಂಡರೆ ಅದು ದೊಡ್ಡ ಸುಳಿವು. ಎಲ್ಲರಲ್ಲೂ ಅದು ಸಿಗುವುದಿಲ್ಲ. ಎಂಆರ್‌ಐನ ಟಿ2 ಎಂಬ ಬಗೆಯ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ.

ಗಡ್ಡೆಯಿಂದ ತುಣುಕು ತೆಗೆಯಲು ಸೂಜಿ ಹಾಕಿಸಲು (ಬಯಾಪ್ಸಿ) ಅವಸರಪಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ರಕ್ತಸ್ರಾವದ ಅಪಾಯ ಒಂದು ಕಡೆ. ಸಿರಿಂಜಿಗೆ ಬರೀ ರಕ್ತ ಬಂದು ಏನೂ ತಿಳಿಯದೆ ಹೋಗುವುದು ಇನ್ನೊಂದು ಕಡೆ. ಸ್ಕ್ಯಾನಿನಲ್ಲಿ ಅನುಮಾನ ಬಂದಿದ್ದರೆ ಎದೆಯ ಶಸ್ತ್ರಚಿಕಿತ್ಸಕರನ್ನು ಮೊದಲು ಕೇಳಿ. ಬಹಳ ಸಲ ಗಡ್ಡೆ ಹೊರತೆಗೆದ ಮೇಲೆಯೇ ಹೆಸರು ಖಚಿತವಾಗುತ್ತದೆ.

ಹೆಸರಿಡುವವರು ಪೆಥಾಲಜಿಸ್ಟ್, ಅಂದರೆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯರು. ಕೋಶಗಳು ನಾಳದ ಒಳಪದರದವೇ ಎಂಬುದನ್ನು ಸಿಡಿ31, ಇಆರ್‌ಜಿ ಎಂಬ ಬಣ್ಣ ಹಚ್ಚುವ ಪರೀಕ್ಷೆಗಳು ತೋರಿಸುತ್ತವೆ. ಅಂಥದೇ ಇನ್ನೊಂದು ಪರೀಕ್ಷೆ ಡಿ2-40 ದುಗ್ಧನಾಳದ (ಲಿಂಫ್ ನಾಳ) ಕಡೆ ಬೆರಳು ಮಾಡುತ್ತದೆ. ಕೋಶಗಳು ಹೆಚ್ಚುತ್ತ ಬೆಳೆಯುವುದು ಗಡ್ಡೆ, ಹುಟ್ಟಿನಿಂದ ನಾಳಗಳೇ ವಕ್ರವಾಗಿರುವುದು ವಿರೂಪ ಎಂದು ಅಮೆರಿಕದ ಸಂಶೋಧಕರಾದ ಮುಲ್ಲಿಕೆನ್ ಮತ್ತು ಗ್ಲೊವಾಕಿ 1982ರಲ್ಲಿ ಬೇರ್ಪಡಿಸಿದರು. ದೊಡ್ಡವರ ವರದಿಯಲ್ಲಿ ‘ಕ್ಯಾವರ್ನಸ್ ಹೆಮಾಂಜಿಯೋಮಾ’ ಎಂದಿರುವುದು ಹಲವು ಸಲ ಸಿರೆಗಳ ವಿರೂಪವೇ. ವ್ಯತ್ಯಾಸ ಚಿಕಿತ್ಸೆಯಲ್ಲಿ ಕಾಣುತ್ತದೆ: ಹಸುಗೂಸಿನ ಹೆಮಾಂಜಿಯೋಮಾವನ್ನು ಕುಗ್ಗಿಸುವ ಪ್ರೊಪ್ರನೊಲಾಲ್ ಸಿರೆಯ ವಿರೂಪಕ್ಕೆ ನಾಟುವುದಿಲ್ಲ.

ಇನ್ನೆರಡು ಹೆಸರುಗಳನ್ನು ಗಮನಿಸಿ. ‘ಸ್ಕ್ಲಿರೋಸಿಂಗ್ ಹೆಮಾಂಜಿಯೋಮಾ’ ರಕ್ತನಾಳದ ಗಡ್ಡೆಯೇ ಅಲ್ಲ; ಶ್ವಾಸಕೋಶದ ಗಾಳಿಗೂಡಿನ ಕೋಶಗಳಿಂದ ಹುಟ್ಟುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಪಟ್ಟಿಯಲ್ಲಿ ಅದು ಸ್ಕ್ಲಿರೋಸಿಂಗ್ ನ್ಯೂಮೋಸೈಟೋಮಾ. ‘ಎಪಿಥೀಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ’ ಮಾತ್ರ ಕ್ಯಾನ್ಸರ್ ಗುಂಪಿನದು. ಹೆಸರು ಹತ್ತಿರ ಇದೆಯೆಂದು ನಿರಾಳರಾಗಬೇಡಿ.

ಕಫದಲ್ಲಿ ರಕ್ತ ಬಂದರೆ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಹೈದರಾಬಾದಿಗೋ ಬೆಂಗಳೂರಿಗೋ ಎರಡನೇ ಅಭಿಪ್ರಾಯಕ್ಕೆ ಹೊರಟರೆ ವರದಿಯ ಜೊತೆ ಗಡ್ಡೆಯ ತುಣುಕಿರುವ ಸ್ಲೈಡ್, ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಮೇಣದ್ದು; ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.